ಬಯಾಸ್ ತಿರುಪು ಯಾರ ಕೈಯಲ್ಲಿ?

1959ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡೈನಾಕೊ ಕಂಪನಿ ‘ಸ್ಟೀರಿಯೊ 70’ ಎಂಬ ವಾಲ್ವ್ ಆಂಪ್ಲಿಫೈಯರನ್ನು ಮಾರುಕಟ್ಟೆಗೆ ಬಿಟ್ಟಿತು. ಬಿಡಿಭಾಗಗಳ ಕಿಟ್ ಕೊಂಡರೆ ಬೆಲೆ 99 ಡಾಲರ್ 95 ಸೆಂಟ್. ಕೊಂಡವರೇ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತಿತ್ತು. ಮುಂಭಾಗದ ಸಾಕೆಟ್ಟಿನ ತೂತಿಗೆ ಮೀಟರಿನ ಕಡ್ಡಿ ಚುಚ್ಚಿ, ಮುಳ್ಳು 1.56 ವೋಲ್ಟಿಗೆ ಬಂದು ನಿಲ್ಲುವ ತನಕ ಸ್ಕ್ರೂ ಡ್ರೈವರಿನಿಂದ ಒಂದು ಪುಟ್ಟ ತಿರುಪನ್ನು ತಿರುಗಿಸಬೇಕು. ಇದೇ ಬಯಾಸ್ ಹೊಂದಿಸುವುದು.

ಒಂದೂವರೆಯಲ್ಲ, ಎರಡಲ್ಲ, 1.56 ಏಕೆ? ಆ ಕಾಲದ ಹೊಸ ಟಾರ್ಚ್ ಸೆಲ್ಲಿನ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಮನೆಮನೆಯ ಅಗ್ಗದ ಮೀಟರುಗಳು ಸರಿಯಾಗಿ ತೋರಿಸುತ್ತವೆಂದು ನಂಬುವ ಹಾಗಿರಲಿಲ್ಲ. ಅಂಗಡಿಯಿಂದ ಹೊಸ ಸೆಲ್ ತಂದು ಅಳೆದು, ಮುಳ್ಳು ಎಲ್ಲಿ ನಿಲ್ಲುತ್ತದೋ ಗುರುತು ಮಾಡಿಕೊಂಡು, ಆಂಪ್ಲಿಫೈಯರಿನಲ್ಲೂ ಮುಳ್ಳನ್ನು ಅಲ್ಲಿಗೇ ತಂದರೆ ಆಯಿತು. ಮೀಟರ್ ಸುಳ್ಳು ಹೇಳಿದರೂ ಬಯಾಸ್ ನಿಜವಾಗಿರುತ್ತದೆ. ಈ ಒಂದು ಅಂಕಿಗಾಗಿ ಡೈನಾಕೊದ ಡೇವಿಡ್ ಹ್ಯಾಫ್ಲರ್ ಒಳಗೆ 15.6 ಓಮ್‌ನ ವಿಚಿತ್ರ ರೆಸಿಸ್ಟರ್ ಕೂರಿಸಿದ. 1.56 ವೋಲ್ಟನ್ನು 15.6 ಓಮ್‌ನಿಂದ ಭಾಗಿಸಿದರೆ ನೂರು ಮಿಲಿಆಂಪ್. ಎರಡು ಇಎಲ್34 ವಾಲ್ವುಗಳಿಗೆ ತಲಾ ಐವತ್ತು. ಅದೇ ಕಂಪನಿಯ ‘ಮಾರ್ಕ್ 3’ರಲ್ಲಿ ರೆಸಿಸ್ಟರ್ 11.2 ಓಮ್, ಕರೆಂಟು 140 ಮಿಲಿಆಂಪ್. ಮೀಟರಿನಲ್ಲಿ ಕಾಣಬೇಕಾದದ್ದು ಮಾತ್ರ ಮತ್ತೆ ಅದೇ 1.56.

ಬಳಸುವವನನ್ನು ಇಷ್ಟು ಗೌರವದಿಂದ ಕಂಡ ಇನ್ನೊಂದು ಅಂಕಿ ಆಡಿಯೊ ಇತಿಹಾಸದಲ್ಲಿ ಸಿಗುವುದು ಕಷ್ಟ. ವಾಲ್ವ್ ಆಂಪ್ಲಿಫೈಯರಿನ ನೂರು ವರ್ಷಗಳ ಉದ್ದಕ್ಕೂ ಈ ತಿರುಪಿನ ಸುತ್ತ ಒಂದು ಜಗ್ಗಾಟ ನಡೆದೇ ಇದೆ. ತಿರುಪನ್ನು ಮನೆಯವರ ಕೈಗೆ ಕೊಡಬೇಕೋ, ರಿಪೇರಿಯವನಿಗೆ ಮಾತ್ರ ಬಿಡಬೇಕೋ, ತಿರುಪೇ ಇಲ್ಲದಂತೆ ಮಾಡಬೇಕೋ? ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿತು.

ಮೊದಲು, ಬಯಾಸ್ ಎಂದರೇನು ಎಂಬುದು. ನಿರ್ವಾತ ಮಾಡಿದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ನೂರಾರು ವೋಲ್ಟಿನ ಪ್ಲೇಟ್ ಅವನ್ನು ಎಳೆದುಕೊಳ್ಳುತ್ತದೆ. ನಡುವೆ ತೆಳು ತಂತಿಯ ಗ್ರಿಡ್. ಗ್ರಿಡ್ಡಿಗೆ ಋಣ ವೋಲ್ಟೇಜ್ ಕೊಟ್ಟಷ್ಟೂ ಹರಿವು ಕಡಿಮೆ. ಹಾಡು ಇಲ್ಲದಾಗಲೂ ವಾಲ್ವಿನಲ್ಲಿ ಒಂದಿಷ್ಟು ಕರೆಂಟು ಹರಿಯುತ್ತಿರಬೇಕು, ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಇಂಜಿನ್ ಗುರುಗುಡುತ್ತಿರುವ ಹಾಗೆ. ಎಷ್ಟು ಗುರುಗುಡಬೇಕೆಂದು ತೀರ್ಮಾನಿಸುವುದೇ ಬಯಾಸ್. ಆ ಕರೆಂಟನ್ನು ತೀರಾ ಇಳಿಸಿದರೆ ಧ್ವನಿ ಒಣಗುತ್ತದೆ. ಜೋಡಿ ವಾಲ್ವುಗಳಲ್ಲಿ ಒಂದು ಬಿಟ್ಟ ಕೆಲಸವನ್ನು ಇನ್ನೊಂದು ಹಿಡಿಯುವ ಹೊತ್ತಿಗೆ ನಡುವೆ ಸಂದು ಬಿದ್ದು, ಮೆಲುದನಿಯ ಸಂಗೀತ ಗರಗರ ಎನ್ನುತ್ತದೆ. ತೀರಾ ಏರಿಸಿದರೆ ಪ್ಲೇಟು ಕೆಂಡದಂತೆ ಕೆಂಪಾಗಿ, ವಾಲ್ವಿನ ಆಯುಸ್ಸು ವರ್ಷಗಳಿಂದ ನಿಮಿಷಗಳಿಗೆ ಇಳಿಯುತ್ತದೆ.

ಮೂರು ಅಂಗಗಳ ವಾಲ್ವನ್ನು ಹುಟ್ಟುಹಾಕಿದ ಲೀ ಡಿ ಫಾರೆಸ್ಟನಿಗೇ ಈ ಗುಟ್ಟು ಪೂರ್ತಿ ತಿಳಿದಿರಲಿಲ್ಲ. 1906ರಿಂದ ಅವನು ‘ಆಡಿಯಾನ್’ ಎಂಬ ಬುರುಡೆಯ ಜೊತೆ ಗುದ್ದಾಡುತ್ತಿದ್ದ. ಬುರುಡೆಯೊಳಗೆ ಅನಿಲ ಉಳಿದಿರುವುದು ಬೇಕೇ ಬೇಕು ಎಂದೂ ನಂಬಿದ್ದ. 1912ರ ಅಕ್ಟೋಬರಿನಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಇಂಜಿನಿಯರುಗಳ ಮುಂದೆ ಅದನ್ನಿಟ್ಟಾಗ ಮೆಲುಮಾತು ಚೆನ್ನಾಗಿಯೇ ಕೇಳಿತು, ದನಿ ಏರುತ್ತಲೇ ಬುರುಡೆಯಲ್ಲಿ ನೀಲಿ ಮಬ್ಬು ಹಬ್ಬಿ ಮಾತು ಕೆಟ್ಟಿತು. ಅದನ್ನು ನೋಡಿದ ಕಂಪನಿಯ ಹೆರಾಲ್ಡ್ ಆರ್ನಾಲ್ಡ್‌ಗೆ ರೋಗ ಎಲ್ಲಿದೆಯೆಂದು ತಕ್ಷಣ ಹೊಳೆಯಿತು: ಇನ್ನೂ ಆಳವಾದ ನಿರ್ವಾತ ಬೇಕು.

ಗ್ರಿಡ್ಡಿನ ಚಿಕಿತ್ಸೆ ಬಂದದ್ದು ಬೇರೆ ಕಡೆಯಿಂದ. ಫ್ರಿಟ್ಜ್ ಲೊವೆನ್‌ಸ್ಟೀನ್ ಬೊಹಿಮಿಯಾದವನು, ಒಂದು ಕಾಲಕ್ಕೆ ನಿಕೋಲಾ ಟೆಸ್ಲಾನ ಸಹಾಯಕ. ಡಿ ಫಾರೆಸ್ಟನಿಗಿಂತ ತಿಂಗಳುಗಳ ಮೊದಲೇ, 1912ರ ಆರಂಭದಲ್ಲಿ, ಅದೇ ಟೆಲಿಫೋನ್ ಕಂಪನಿಗೆ ಒಂದು ಪೆಟ್ಟಿಗೆ ತಂದು ತೋರಿಸಿದ್ದ. ಒಳಗೇನಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಮುಚ್ಚಿದ ಪೆಟ್ಟಿಗೆಗೆ ಯಾರು ದುಡ್ಡು ಕೊಡುತ್ತಾರೆ? ಆಗ ವ್ಯಾಪಾರ ಕುದುರಲಿಲ್ಲ. ಆದರೆ ಆ ಏಪ್ರಿಲ್ಲಿನಲ್ಲಿ ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಒಂದು ಸಾಧಾರಣ ಸಂಗತಿ ಇತ್ತು: ಗ್ರಿಡ್ಡನ್ನು ಕ್ಯಾಥೋಡಿಗಿಂತ ಸದಾ ಋಣದಲ್ಲಿಡಲು ಒಂದು ಪ್ರತ್ಯೇಕ ಬ್ಯಾಟರಿ. ಗ್ರಿಡ್ ಧನವಾದರೆ ತಾನೇ ಕರೆಂಟು ಹೀರಿ ಧ್ವನಿಯನ್ನು ಕೆಡಿಸುತ್ತದೆ. ಋಣದಲ್ಲೇ ಕಟ್ಟಿಹಾಕಿದರೆ ಆ ಕಾಟವಿಲ್ಲ. ಪೇಟೆಂಟ್ 1917ರಲ್ಲಿ ಸಿಕ್ಕಿತು. ಪೆಟ್ಟಿಗೆಗೆ ಆಸೆಪಡದಿದ್ದ ಅದೇ ಕಂಪನಿ ಈ ಬ್ಯಾಟರಿಯ ಹಕ್ಕಿಗೆ ಒಂದೂವರೆ ಲಕ್ಷ ಡಾಲರ್ ತೆತ್ತಿತು. ಬಯಾಸಿಗೆ ಬೆಲೆ ಕಟ್ಟಿದ್ದು ಅದೇ ಮೊದಲು.

ಅಷ್ಟರೊಳಗೆ, 1915ರ ಜನವರಿ 25ರಂದು, ನ್ಯೂಯಾರ್ಕಿನಲ್ಲಿ ಕೂತ ಗ್ರಹಾಂ ಬೆಲ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ತನ್ನ ಹಳೆಯ ಸಹಾಯಕ ವಾಟ್ಸನ್ ಜೊತೆ ಖಂಡದ ಆಚೆಗೆ ಟೆಲಿಫೋನಿನಲ್ಲಿ ಮಾತಾಡಿದ್ದ. ದಾರಿಯಲ್ಲಿ ಆ ಮಾತಿಗೆ ಬಲ ತುಂಬಿದ್ದು ಆರ್ನಾಲ್ಡನ ನಿರ್ವಾತ ವಾಲ್ವುಗಳು. ಆ ಕಾಲಕ್ಕೆ ಬಯಾಸ್ ನೋಡಿಕೊಳ್ಳುವುದು ಸಂಬಳದ ಕೆಲಸ. ಟೆಲಿಫೋನ್ ಠಾಣೆಯ ತಂತ್ರಜ್ಞರಿಗೆ ಬಿಟ್ಟದ್ದು.

ರೇಡಿಯೊ ಬಂದು ಆ ಕೆಲಸವನ್ನು ಮನೆಯ ನಡುಕೋಣೆಗೆ ತಂದಿಟ್ಟಿತು. 1920ರ ದಶಕದ ಸೆಟ್ಟಿಗೆ ಮೂರು ಬ್ಯಾಟರಿ. ಅಮೆರಿಕದವರು ಎ, ಬಿ, ಸಿ ಎಂದು ಹೆಸರಿಟ್ಟರು: ಕಾಯುವ ತಂತಿಯಾದ ಫಿಲಮೆಂಟಿಗೆ ಎ, ಪ್ಲೇಟಿಗೆ ಬಿ, ಗ್ರಿಡ್ಡಿಗೆ ಸಿ. ಬ್ರಿಟಿಷರ ಮನೆಗಳಲ್ಲಿ ಈ ಮೂರನೆಯದು ಸಾಮಾನ್ಯವಾಗಿ 9 ವೋಲ್ಟಿನ ಒಂದು ಉದ್ದನೆ ಪೆಟ್ಟಿಗೆ, ಒಂದೂವರೆ ವೋಲ್ಟಿಗೊಂದರಂತೆ ಅದರ ನೆತ್ತಿಯ ಮೇಲೆ ಸಾಲಾಗಿ ತೂತು. ವಯರಿನ ತುದಿಯ ಹಿತ್ತಾಳೆ ಪಿನ್ನನ್ನು ಮೂರರ ತೂತಿಗೆ ಹಾಕಿ ಕೇಳುವುದು, ನಾಲ್ಕೂವರೆಗೆ ಹಾಕಿ ಕೇಳುವುದು, ಹಿತವೆನಿಸಿದ ಕಡೆ ಬಿಡುವುದು. ತಿರುಪಿನ ಪೂರ್ವಜ ಇದೇ.

ಅದಕ್ಕೆ ಎರಡು ಕಟ್ಟಲೆಗಳಿದ್ದವು, ಎರಡನ್ನೂ ಜನ ಮುರಿಯುತ್ತಿದ್ದರು. ಸೆಟ್ ಆರಿಸದೆ ಪಿನ್ ಕೀಳಬಾರದು. ಕಿತ್ತರೆ ಗ್ರಿಡ್ಡಿಗೆ ಹಿಡಿತವೇ ಇಲ್ಲದೆ ಪ್ಲೇಟಿನ ಕರೆಂಟು ನೆಗೆದು, ದುಬಾರಿ ವಾಲ್ವೂ ಬ್ಯಾಟರಿಯೂ ಒಟ್ಟಿಗೆ ಸೊರಗುತ್ತವೆ. ಎರಡನೆಯದು ಇನ್ನೂ ಸೂಕ್ಷ್ಮ. ಗ್ರಿಡ್ ಬ್ಯಾಟರಿಯಿಂದ ಕರೆಂಟು ಹರಿಯುವುದಿಲ್ಲವಾದ್ದರಿಂದ ಅದು ತಿಂಗಳುಗಟ್ಟಲೆ ಹೊಸದರಂತೆಯೇ ಇರುತ್ತಿತ್ತು. ಪ್ಲೇಟಿನ ಬ್ಯಾಟರಿ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಅದು ಇಳಿದಂತೆ ಬಯಾಸನ್ನೂ ಒಂದೊಂದು ತೂತು ಇಳಿಸುತ್ತ ಬರಬೇಕು. ಇಳಿಸದವರ ಮನೆಯಲ್ಲಿ ವಾರ್ತೆ ಓದುವವನಿಗೆ ನೆಗಡಿಯಾದಂತೆ ಕೇಳಿಸುತ್ತಿತ್ತು.

1920ರ ದಶಕದ ಕೊನೆಗೆ ಮನೆಯ ಕರೆಂಟಿನಲ್ಲೇ ನಡೆಯುವ, ಫಿಲಮೆಂಟಿನಿಂದ ಬೇರೆಯಾದ ಕ್ಯಾಥೋಡ್ ಇರುವ ವಾಲ್ವುಗಳು ಬಂದವು. ಜೊತೆಗೆ ಒಂದು ಉಪಾಯವೂ ನೆಲೆಯೂರಿತು. ಕ್ಯಾಥೋಡಿನ ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ಟುಬಿಡಿ. ವಾಲ್ವಿನ ಕರೆಂಟು ಅದರ ಮೂಲಕ ಹರಿದು ಕ್ಯಾಥೋಡನ್ನು ಕೆಲವು ವೋಲ್ಟ್ ಮೇಲೆತ್ತುತ್ತದೆ. ಗ್ರಿಡ್ ತಾನಿದ್ದಲ್ಲೇ ಇದ್ದು ಕ್ಯಾಥೋಡಿಗಿಂತ ಋಣವಾಗುತ್ತದೆ. ಕರೆಂಟು ಹೆಚ್ಚಿದರೆ ಬಯಾಸೂ ಹೆಚ್ಚಿ ಅದನ್ನು ತಡೆಯುತ್ತದೆ, ಕಡಿಮೆಯಾದರೆ ಸಡಿಲ ಬಿಡುತ್ತದೆ. ನಮ್ಮ ಎಷ್ಟೋ ರೇಡಿಯೊಗಳಲ್ಲಿದ್ದ ಇಎಲ್84 ವಾಲ್ವನ್ನೇ ತೆಗೆದುಕೊಳ್ಳಿ. ತಯಾರಕರ ಕೋಷ್ಟಕದಲ್ಲಿ 250 ವೋಲ್ಟಿಗೆ ಕೊಟ್ಟಿರುವ ರೆಸಿಸ್ಟರ್ 135 ಓಮ್. ಪ್ಲೇಟು ಮತ್ತು ಸ್ಕ್ರೀನ್ (ಗ್ರಿಡ್ಡಿಗೂ ಪ್ಲೇಟಿಗೂ ನಡುವಿನ ಎರಡನೆಯ ಗ್ರಿಡ್) ಸೇರಿ ಸುಮಾರು 53 ಮಿಲಿಆಂಪ್ ಹರಿದು ಅಲ್ಲಿ ಏಳು ವೋಲ್ಟಿಗೆ ಸ್ವಲ್ಪ ಮೇಲೆ ನಿಲ್ಲುತ್ತದೆ. ತಿರುಪಿಲ್ಲ, ಬ್ಯಾಟರಿಯಿಲ್ಲ, ಮನೆಯವರಿಗೆ ಗೊತ್ತೂ ಇಲ್ಲ. ರೇಡಿಯೊ ಕೊಳ್ಳುವವರ ತಲೆಯಿಂದ ಬಯಾಸ್ ಎಂಬ ಮಾತೇ ಅಳಿಸಿಹೋಯಿತು.

ಮತ್ತೆ ಅದನ್ನು ನೆನಪಿಗೆ ತಂದವನು ಬ್ರಿಟಿಷ್ ಇಂಜಿನಿಯರ್ ಡಿ.ಟಿ.ಎನ್. ವಿಲಿಯಮ್ಸನ್. 1947ರ ಏಪ್ರಿಲ್ ಮತ್ತು ಮೇ ತಿಂಗಳ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ 15 ವಾಟಿನ ಆಂಪ್ಲಿಫೈಯರನ್ನು ಇಂಗ್ಲೆಂಡಿನಿಂದ ಆಸ್ಟ್ರೇಲಿಯದವರೆಗೆ ಹವ್ಯಾಸಿಗಳು ಮನೆಯಲ್ಲಿ ಕಟ್ಟಿದರು. ಎರಡು ಕೆಟಿ66 ವಾಲ್ವುಗಳು, ಅವುಗಳ ಕ್ಯಾಥೋಡಿನಲ್ಲಿ ಎರಡು ಹೊಂದಾಣಿಕೆಗಳು. ಒಂದು ಒಟ್ಟು ಕರೆಂಟನ್ನು 125 ಮಿಲಿಆಂಪಿಗೆ ತರುವುದಕ್ಕೆ, ಇನ್ನೊಂದು ಎರಡೂ ವಾಲ್ವುಗಳಿಗೆ ಅದನ್ನು ಸಮನಾಗಿ ಹಂಚುವುದಕ್ಕೆ. ಈ ಸಮಪಾಲು ಬರೀ ಅಚ್ಚುಕಟ್ಟಿನ ಮಾತಾಗಿರಲಿಲ್ಲ. ಒಂದು ವಾಲ್ವ್ ಹೆಚ್ಚು ಎಳೆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದು ಬದಿಗೆ ಕಾಂತವಾಗಿ, ತಬಲದ ಬಾಯಾ, ಆರ್ಗನ್ನಿನ ತಗ್ಗಿನ ಸ್ವರಗಳು ಮೊದಲು ಕೆಡುತ್ತವೆ. ಅಲ್ಲಿಂದ ಹೈ-ಫೈ ಹವ್ಯಾಸಿ ಎಂದರೆ ಮೀಟರ್ ಇಟ್ಟುಕೊಂಡವನು ಎಂದಾಯಿತು.

ಇದಕ್ಕೆ ತದ್ವಿರುದ್ಧ ನಿಂತವನು ಕ್ವಾಡ್ ಕಂಪನಿಯ ಪೀಟರ್ ವಾಕರ್. 1953ರ ಅವನ ‘ಕ್ವಾಡ್ 2’ರಲ್ಲೂ ಎರಡು ಕೆಟಿ66ಗಳೇ, ಆದರೆ ತಿರುಗಿಸಲು ಏನೂ ಇಲ್ಲ. ಎರಡೂ ವಾಲ್ವುಗಳ ಬಯಾಸ್ ಹೊರುವುದು 180 ಓಮ್‌ನ ಒಂದೇ ರೆಸಿಸ್ಟರ್. ಕೊಂಡವನು ಸಂಗೀತ ಕೇಳಲಿ, ಪೆಟ್ಟಿಗೆಯ ಗೊಡವೆ ಅವನಿಗೆ ಬೇಡ ಎಂಬುದು ಅದರ ಧಾಟಿ. ಸೊಗಸಾದ ನಿಲುವೇ, ಸಂದೇಹವಿಲ್ಲ. ಆದರೆ ಹತ್ತಾರು ವರ್ಷ ಕಳೆದ ಮೇಲೆ ವಾಲ್ವುಗಳು ಸವೆದು ಕರೆಂಟು ದಾರಿ ತಪ್ಪಿದಾಗ ಆ ಒಂಟಿ ರೆಸಿಸ್ಟರ್ ಸುಟ್ಟು ಕಪ್ಪಾಗುತ್ತಿತ್ತು. ಹಳೆಯ ಕ್ವಾಡ್ ಬಿಚ್ಚುವ ರಿಪೇರಿಯವರು ಈಗಲೂ ಮೊದಲು ನೋಡುವ ಜಾಗ ಅದು. ಡೈನಾಕೊದ ತಿರುಪೂ ದೋಷವಿಲ್ಲದ್ದೇನಲ್ಲ. ಎರಡು ವಾಲ್ವಿಗೆ ಸೇರಿ ಒಂದೇ ತಿರುಪು ಇದ್ದುದರಿಂದ, ಜೋಡಿ ಹೊಂದದ ವಾಲ್ವ್ ಹಾಕಿದರೆ ಮೀಟರಿನಲ್ಲಿ 1.56 ಬಂದರೂ ಒಂದು 65ರಲ್ಲಿ ಬೇಯುತ್ತ, ಇನ್ನೊಂದು 35ರಲ್ಲಿ ತೂಕಡಿಸುತ್ತಿರಬಹುದು. ಜೊತೆಗೆ ಬಯಾಸ್ ವೋಲ್ಟೇಜ್ ಒದಗಿಸುತ್ತಿದ್ದ ಸೆಲೆನಿಯಂ ರೆಕ್ಟಿಫೈಯರ್ ವಯಸ್ಸಾದಂತೆ ಸೋತು, ಒಂದು ಸಂಜೆ ಪ್ಲೇಟುಗಳು ಕೆಂಪಾಗುತ್ತಿದ್ದವು. ಇಂದು ಅದರ ಜಾಗದಲ್ಲಿ ಕೆಲವೇ ರೂಪಾಯಿಯ ಸಿಲಿಕಾನ್ ಡಯೋಡ್ ಕೂತಿರುತ್ತದೆ.

ಗಿಟಾರಿನ ಲೋಕದಲ್ಲಿ ಕಥೆ ಇನ್ನೂ ರಂಗೇರುತ್ತದೆ. ಲಿಯೊ ಫೆಂಡರನ ಕ್ಯಾಲಿಫೋರ್ನಿಯಾ ಕಾರ್ಖಾನೆಯ 1950ರ ದಶಕದ ‘ಬಾಸ್‌ಮನ್’ನಲ್ಲಿ ಬಯಾಸ್ ವೋಲ್ಟೇಜ್ ಪ್ರತ್ಯೇಕವಾಗಿ ಬರುತ್ತಿತ್ತು, ಹೊಂದಿಸುವ ತಿರುಪು ಇರಲಿಲ್ಲ. 1960ರ ದಶಕದಲ್ಲಿ, ‘ಟ್ವಿನ್ ರಿವರ್ಬ್’ನಂಥ ಕಪ್ಪು ಮುಖದ ಆಂಪುಗಳಲ್ಲಿ, ತಿರುಪು ಬಂತು. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ 1.3 ಕೋಟಿ ಡಾಲರಿಗೆ ಫೆಂಡರನ್ನು ಕೊಂಡಿತು. 1968ರ ಸುಮಾರಿನ ಬೆಳ್ಳಿ ಮುಖದ ಆಂಪುಗಳಲ್ಲಿ ತಿರುಪು ಉಳಿಯಿತು, ಕೆಲಸ ಬದಲಾಯಿತು. ಅದು ಈಗ ಎರಡು ಬದಿಗಳ ಸಮತೋಲ ಮಾತ್ರ ಮಾಡುತ್ತಿತ್ತು, ಒಟ್ಟು ಕರೆಂಟನ್ನು ಏರಿಸಿ ಇಳಿಸುವಂತಿರಲಿಲ್ಲ. ಕಿರಿಕಿರಿಯ ಗುಂಯ್‌ಗುಡುವ ಸದ್ದನ್ನು ಅಡಗಿಸಲು ಇದು ಅನುಕೂಲವೇ. ಆದರೆ ಬಯಾಸ್ ಹೊಂದಿಸುತ್ತಿದ್ದೇನೆಂದು ತಿಳಿದು ಇದನ್ನು ಗಂಟೆಗಟ್ಟಲೆ ತಿರುಗಿಸಿದ ರಿಪೇರಿಯವರು ಕಡಿಮೆಯಲ್ಲ.

ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಆ ಬಾಸ್‌ಮನ್ ಸರ್ಕಿಟ್ಟನ್ನೇ ಆಧಾರವಾಗಿಟ್ಟುಕೊಂಡು ‘ಜೆಟಿಎಂ 45’ ಮಾಡಿಸಿದ. ರಾಕ್ ಸಂಗೀತದ ಗದ್ದಲದ ಅರ್ಧ ಪಾಲು ಅಲ್ಲಿಂದ ಹುಟ್ಟಿದ್ದು. ಮುಂದೆ ಇಂಗ್ಲೆಂಡಿನ ಮಾರ್ಷಲ್‌ಗಳಲ್ಲಿ ಇಎಲ್34, ಅಮೆರಿಕಕ್ಕೆ ಹೋದ ಹಲವು ಮಾರ್ಷಲ್‌ಗಳಲ್ಲಿ 6550 ವಾಲ್ವ್. ಎರಡೂ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ, ಎರಡಕ್ಕೂ ಬೇಕಾದ ಬಯಾಸ್ ಬೇರೆ. ಕೂತಿತಲ್ಲ ಎಂದು ಹಾಗೇ ನುಡಿಸಿದವರು ಬೆಲೆ ತೆತ್ತರು. ವ್ಯಾನ್ ಹೇಲನ್ ತಂಡದ ಎಡ್ಡಿ ವ್ಯಾನ್ ಹೇಲನ್ ತನ್ನ ಮಾರ್ಷಲಿಗೆ ವೇರಿಯಾಕ್ ಎಂಬ, ವೋಲ್ಟೇಜನ್ನು ಏರಿಳಿಸುವ ಟ್ರಾನ್ಸ್‌ಫಾರ್ಮರ್ ಸೇರಿಸಿ ಮೇನ್ಸ್ ವೋಲ್ಟೇಜ್ ಏರಿಸುತ್ತೇನೆಂದು ಸಂದರ್ಶನಗಳಲ್ಲಿ ಹೇಳಿಕೊಂಡ. ನಿಜಕ್ಕೂ ಅವನು ಮಾಡುತ್ತಿದ್ದದ್ದು ಇಳಿಸುವುದು, ಸುಮಾರು 90 ವೋಲ್ಟಿಗೆ. ಮೇನ್ಸ್ ಏರಿಳಿದರೆ ಪ್ಲೇಟು, ಗ್ರಿಡ್, ಫಿಲಮೆಂಟು ಮೂರೂ ಜೊತೆಗೆ ಏರಿಳಿಯುತ್ತವೆ. ಹೊಂದಿಸಿಟ್ಟ ಬಯಾಸ್ ಎಲ್ಲೋ ಹೋಗಿರುತ್ತದೆ. ಅವನ ಮಾತನ್ನು ನಂಬಿ ಏರಿಸಿದ ಹುಡುಗರ ಆಂಪುಗಳ ಗತಿ ಊಹಿಸಬಹುದು.

ಕಾರ್ಖಾನೆಯಲ್ಲೇ ಎಲ್ಲ ನಿಶ್ಚಯಿಸಿ ತಿರುಪನ್ನು ತೆಗೆದೇ ಹಾಕಿದವರೂ ಇದ್ದಾರೆ. ರ್‍ಯಾಂಡಲ್ ಸ್ಮಿತ್‌ನ ಮೆಸಾ ಬೂಗಿ ಆಂಪುಗಳಲ್ಲಿ ಬಯಾಸ್ ಬದಲಿಸುವಂತಿಲ್ಲ. ಕಂಪನಿ ಆರಿಸಿ ಬಣ್ಣದ ಗುರುತು ಹಾಕಿ ಮಾರುವ ವಾಲ್ವುಗಳನ್ನೇ ಹಾಕಿಕೊಳ್ಳಬೇಕು. ಇದು ಸುರಕ್ಷಿತ, ಕಂಪನಿಯ ಗಲ್ಲಾಪೆಟ್ಟಿಗೆಗೂ ಹಿತ.

ರಿಪೇರಿ ಮೇಜಿನ ಮೇಲೆ ಈ ಕೆಲಸ ಹೇಗೆ ಬದಲಾಯಿತು ಎಂಬುದೂ ನೋಡುವಂಥದ್ದು. ಹಳಬರು ದೀಪ ಆರಿಸಿ ಕತ್ತಲಲ್ಲಿ ಪ್ಲೇಟು ನೋಡುತ್ತಿದ್ದರು: ಕೆಂಪು ಕಂಡಿತೋ, ತಿರುಪು ಹಿಂದಕ್ಕೆ. ಆಸಿಲೋಸ್ಕೋಪ್ ಇದ್ದವರು ಅಲೆಯ ನಡುವಿನ ಸಂದು ಮುಚ್ಚುವ ತನಕ ತಿರುಗಿಸಿ ನಿಲ್ಲಿಸುತ್ತಿದ್ದರು. ಈಗಿನ ರೂಢಿ ಲೆಕ್ಕದ್ದು. ಇಎಲ್34ರ ಪ್ಲೇಟು ತಾಳುವ ಗರಿಷ್ಠ ಶಾಖ 25 ವಾಟ್. ಅದರ ನೂರಕ್ಕೆ ಎಪ್ಪತ್ತು, ಅಂದರೆ 17.5 ವಾಟನ್ನು ಮಿತಿಯಾಗಿ ಹಿಡಿಯುತ್ತಾರೆ. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ ವಾಲ್ವಿಗೆ 39 ಮಿಲಿಆಂಪಿನ ಆಸುಪಾಸು. ಅಳೆಯಲು ಕ್ಯಾಥೋಡಿನಿಂದ ನೆಲಕ್ಕೆ ಒಂದು ಓಮ್‌ನ ರೆಸಿಸ್ಟರ್ ಹಾಕಿದರೆ ಸಾಕು, ಅದರ ಮೇಲೆ ಕಾಣುವ ಮಿಲಿವೋಲ್ಟೇ ಮಿಲಿಆಂಪ್. ಸ್ಕ್ರೀನಿನ ಕೆಲವು ಮಿಲಿಆಂಪ್ ಸೇರಿರುವುದನ್ನು ಕಳೆದುಕೊಳ್ಳಬೇಕಷ್ಟೆ. ಎಪ್ಪತ್ತು ಎಂಬುದು ದೇವರ ವಾಕ್ಯವಲ್ಲ. ಅರವತ್ತಕ್ಕೆ ಇಟ್ಟು ಸಂಗೀತವೂ ಚೆನ್ನಾಗಿ, ವಾಲ್ವೂ ಹೆಚ್ಚು ಬಾಳಿದ ಆಂಪುಗಳು ಬೇಕಾದಷ್ಟಿವೆ. ಆದರೂ ಕೆಲವರು ಆ ಅಂಕಿಗೆ ಪಂಚಾಂಗದ ಮುಹೂರ್ತದಷ್ಟೇ ಮರ್ಯಾದೆ ಕೊಡುತ್ತಾರೆ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಿಇಎಲ್, 1961ರಲ್ಲಿ ಜಾಲಹಳ್ಳಿಯಲ್ಲಿ ಫಿಲಿಪ್ಸ್ ತಂತ್ರಜ್ಞಾನದಿಂದ ರೇಡಿಯೊ ವಾಲ್ವುಗಳ ತಯಾರಿಕೆ ಶುರುಮಾಡಿತು. ವಿಚಿತ್ರವೆಂದರೆ ಮರುವರ್ಷವೇ, 1962ರಲ್ಲಿ, ವಾಲ್ವುಗಳಿಗೆ ಕೊಡಲಿಯೇಟು ಹಾಕುವ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ತಯಾರಿಕೆಯನ್ನೂ ಅದೇ ಕಾರ್ಖಾನೆ ಆರಂಭಿಸಿತು. ಅಷ್ಟಾದರೂ ದೇಶದ ರೇಡಿಯೊಗಳಲ್ಲಿ, ಮೈಕ್ ಸೆಟ್ಟುಗಳಲ್ಲಿ ಬಿಇಎಲ್ ವಾಲ್ವುಗಳು ಬಹುಕಾಲ ಉರಿದವು. ಹಳೆಯ ದಾಸ್ತಾನಿನ ಬಿಇಎಲ್ ಇಎಲ್84, ಇಸಿಸಿ83ಗಳು ಈಗ ವಿದೇಶಿ ಹವ್ಯಾಸಿಗಳ ಕೈಗೂ ಹೋಗುತ್ತವೆ. ಒಂದು ಕಾಲಕ್ಕೆ ಇಲ್ಲಿನ ರಿಪೇರಿ ಅಂಗಡಿಯವರು ಕಿತ್ತು ಡಬ್ಬಕ್ಕೆ ಎಸೆಯುತ್ತಿದ್ದ ಸರಕು ಅದು.

ಇವತ್ತು ಆಡಿಯೊ ವಾಲ್ವುಗಳ ದೊಡ್ಡ ಪಾಲು ಬರುವುದು ರಷ್ಯಾದ ಸರಾಟೊವ್, ಸ್ಲೊವಾಕಿಯಾದ ಚಾಡ್ಸಾ ಮತ್ತು ಚೀನಾದಿಂದ. 2022ರ ಮಾರ್ಚಿನಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಕೆಲವು ವಾರ ಗಿಟಾರ್ ಅಂಗಡಿಗಳಲ್ಲಿ ಗಾಬರಿ ಹಬ್ಬಿತ್ತು. ಒಂದು ಕಾರ್ಖಾನೆಯ ಇಎಲ್34ರಂತೆ ಇನ್ನೊಂದರದ್ದು ನಡೆದುಕೊಳ್ಳುವುದಿಲ್ಲ. ಕೊಂಡ ಊರು ಬದಲಾದರೆ ಬಯಾಸೂ ಬದಲಾಗುತ್ತದೆ. ಡಚ್ ಕಂಪನಿ ಪ್ರೈಮಾಲೂನಾದಂಥವರು ವಾಲ್ವಿನ ಕರೆಂಟನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳುವ ಸರ್ಕಿಟ್ ಕೂರಿಸಿದ್ದಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ. ಆದರೂ ಸಾಕೆಟ್ಟಿಗೆ ಕಡ್ಡಿ ಚುಚ್ಚಿ ಮನೆಯವನೇ ಅಳೆದುಕೊಳ್ಳಲಿ ಎಂದ ಹ್ಯಾಫ್ಲರನ ದಾರಿಯೇ ಮೇಲು ಎನ್ನಬೇಕು; ವಾಲ್ವ್ ಸೋಲುತ್ತಿದೆಯೆಂದು ಮೀಟರಿನ ಮುಳ್ಳು ತಿಂಗಳುಗಳ ಮೊದಲೇ ಹೇಳಿಬಿಡುತ್ತದೆ.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಫಿಲಿಪ್ಸ್ ಅಥವಾ ಮರ್ಫಿ ವಾಲ್ವ್ ರೇಡಿಯೊ ಇದ್ದರೆ, ಧೂಳು ಒರೆಸಿದ ಉತ್ಸಾಹದಲ್ಲಿ ಪ್ಲಗ್ ಹಾಕಬೇಡಿ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಧ್ವನಿ ತಲುಪಿಸುವ ಒಂದು ಕಾಗದದ ಕೆಪಾಸಿಟರ್ ಅದರಲ್ಲಿರುತ್ತದೆ. ಮಲೆನಾಡಿನ, ಕರಾವಳಿಯ ಥಂಡಿಯಲ್ಲಿ ದಶಕಗಟ್ಟಲೆ ಕೂತ ಆ ಕೆಪಾಸಿಟರ್ ಸೋರುತ್ತದೆ. ಸೋರಿದರೆ ಹಿಂದಿನ ವಾಲ್ವಿನ ಪ್ಲೇಟಿನ ಧನ ವೋಲ್ಟೇಜ್ ಗ್ರಿಡ್ಡಿಗೆ ಇಳಿದು ಬಯಾಸನ್ನು ನುಂಗಿಹಾಕುತ್ತದೆ. ಸ್ವಲ್ಪ ಹೊತ್ತು ಹಾಡಿದ ರೇಡಿಯೊ ವಾಲ್ವನ್ನೂ, ಕೆಲವೊಮ್ಮೆ ಈಗ ಸಿಗದ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಳ್ಳುತ್ತದೆ. ಆ ಒಂದು ಕೆಪಾಸಿಟರನ್ನು ಮೊದಲು ಬದಲಾಯಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದಕ್ಕೆ ಒಂದು ಕಾಫಿಯ ದುಡ್ಡೂ ಆಗುವುದಿಲ್ಲ. ಕೆಲವು ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟಾದ ಚಾಸಿಗೇ ಮೇನ್ಸ್ ತಗಲಿರುತ್ತದೆ. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಇಳಿಸುವ ಕ್ರಮ ಗೊತ್ತಿಲ್ಲದಿದ್ದರೆ ಬಿಚ್ಚುವ ಸಾಹಸಕ್ಕೆ ಹೋಗದೆ, ವಾಲ್ವ್ ಸೆಟ್ ರಿಪೇರಿ ಬಲ್ಲವರ ಕೈಗೆ ಕೊಡಿ.